ಹೊಸಹಳ್ಳಿಯೂ ತುಂಗಾತೀರವೂ

ಉಪಾಧ್ಯಾಯವೃತ್ತಿಯ ಕೊನೆಯ ವರ್ಷಗಳಲ್ಲೊಮ್ಮೆ, ಒಂಬತ್ತನೆಯ ತರಗತಿಯ ಮಕ್ಕಳಿಗೆ ‘ನಮ್ಮ ಊರು’ ಎಂಬ ವಿಷಯವಾಗಿ ಎರಡು ಪುಟದ ಪ್ರಬಂಧವನ್ನು ಬರೆದು ತರುವಂತೆ ಹೇಳಿದ್ದೆನು. ಸೋಮವಾರ ನನ್ನ ಮೇಜಿನ ಮೇಲೆ ಬಂದು ಬಿದ್ದ ಬರೆಹಗಳ ನಡುವೆ, ಮಾತು ಕಡಮೆಯಾದ ಹುಡುಗನೊಬ್ಬನದು ನನ್ನನ್ನು ತಡೆದು ನಿಲ್ಲಿಸಿತು. ತಮ್ಮ ಊರಾದ ಹೊಸಹಳ್ಳಿಯು ತುಂಗಾನದಿಯ ದಡದಲ್ಲಿರುವುದೆಂದೂ, ಅಲ್ಲಿಯ ಮನೆಮನೆಗಳಲ್ಲಿ ಗಮಕ ಕಲೆಯು ಬೆಳಗುತ್ತಿರುವುದೆಂದೂ, ನೆರೆಯ ಮತ್ತೂರಿನ ಜನರು ಸಂಸ್ಕೃತದಲ್ಲಿ ಮಾತನಾಡುವರೆಂದೂ ಅವನು ಒಂದು ಕಾಗುಣಿತದ ತಪ್ಪೂ ಇಲ್ಲದ ಕನ್ನಡದಲ್ಲಿ ಬರೆದಿದ್ದನು. ಕೊಂಚ ಉತ್ಪ್ರೇಕ್ಷೆಯನ್ನು ಬಿಟ್ಟರೆ ಅದರಲ್ಲಿ ಸುಳ್ಳೇನೂ ಇರಲಿಲ್ಲ. ಶಿವಮೊಗ್ಗದ ಬಳಿಯ ಹೊಸಹಳ್ಳಿಯ ಮಟ್ಟಿಗೆ ಅದು ದಿಟವೇ. ಆದರೆ ನಮ್ಮ ಹುಡುಗನ ಹೊಸಹಳ್ಳಿ ಬಯಲುಸೀಮೆಯದು. ಅಲ್ಲಿ ಹೊಳೆಯೆಂಬುದಿಲ್ಲ, ಇರುವ ಒಂದು ಕೆರೆ ಮೂರು ನಾಲ್ಕು ವರ್ಷಕ್ಕೊಮ್ಮೆ ತುಂಬಿದರೆ ಊರಿಗೆ ಊರೇ ಹೋಗಿ ಬಾಗಿನ ಅರ್ಪಿಸುವುದು. ಗಮಕವೆಂಬ ಶಬ್ದವು ಆ ರಾಗಿ ಹೊಲಗಳ ಕಡೆಗೆ ಎಂದಾದರೂ ಸುಳಿದಿದ್ದೀತೆಂದು ನಾನು ನಂಬಲಾರೆ.

“ಏನಪ್ಪಾ, ತುಂಗಮ್ಮ ನಿಮ್ಮೂರಿಗೆ ಯಾವಾಗ ಬಂದಳು?” ಎಂದು ಕೇಳಿದೆ.

“ಫೋನಲ್ಲಿ ಹಂಗೇ ಬಂತು ಸಾ,” ಎಂದನು.

ತರಗತಿಯೆಲ್ಲ ನಕ್ಕಿತು, ನಾನೂ ನಕ್ಕೆನು. ಆದರೆ ಸಂಜೆ ಮನೆಗೆ ನಡೆದು ಹೋಗುವಾಗ ಆ ನಗು ನನ್ನಲ್ಲಿ ಉಳಿಯಲಿಲ್ಲ. ದಿನವೂ ಬತ್ತಿದ ಕೆರೆಯ ಏರಿಯ ಮೇಲೆ ಎರಡು ಮೈಲಿ ನಡೆದು ಶಾಲೆಗೆ ಬರುವ ಹುಡುಗನಿಗೆ ತನ್ನ ಊರಲ್ಲಿ ನದಿಯಿಲ್ಲವೆಂಬುದು ತಿಳಿಯದ ಸಂಗತಿಯಲ್ಲ. ತಿಳಿದೂ ಅವನು ಹಾಗೆ ಬರೆದನೆಂದರೆ, ತಾನು ಕಂಡದ್ದು ಒಂದು, ಶಾಲೆಯಲ್ಲಿ ಬರೆಯತಕ್ಕದ್ದು ಮತ್ತೊಂದು ಎಂಬ ಪಾಠವನ್ನು ಅವನು ಬಹಳ ಹಿಂದೆಯೇ, ಫೋನು ಕೈಗೆ ಬರುವುದಕ್ಕೂ ಮುನ್ನವೇ, ನಮ್ಮಿಂದ ಕಲಿತಿದ್ದನೆಂದಲ್ಲದೆ ಬೇರೆ ಅರ್ಥವಾಗದು.

ಆದುದರಿಂದ ಯಂತ್ರವನ್ನು ಶಪಿಸುವ ಲೇಖನಗಳ ರಾಶಿಗೆ ಇನ್ನೊಂದನ್ನು ಸೇರಿಸಲು ನನಗೆ ಮನಸ್ಸಿಲ್ಲ. ನಕಲಿನ ವಂಶಾವಳಿ ಅಂತರ್ಜಾಲಕ್ಕಿಂತ ಹಳೆಯದು. ನಮ್ಮ ಕಾಲದಲ್ಲಿ ಗೈಡು ಇದ್ದಿತು. ಗೈಡಿಗೆ ಮುನ್ನ ಮೇಷ್ಟರು ಉಕ್ತಲೇಖನದಂತೆ ಹೇಳಿ ಬರೆಯಿಸುತ್ತಿದ್ದ ನೋಟ್ಸ್ ಇದ್ದಿತು. ‘ಗ್ರಂಥಾಲಯಗಳ ಮಹತ್ವ’ ಎಂಬ ಪ್ರಬಂಧವನ್ನು, ಗ್ರಂಥಾಲಯದ ಹೊಸ್ತಿಲನ್ನೇ ತುಳಿಯದ ನಾವು ನಲವತ್ತು ಮಂದಿ, ಪೀಠಿಕೆಯಿಂದ ಉಪಸಂಹಾರದ ತನಕ ಒಂದೇ ಮಾತುಗಳಲ್ಲಿ ಬರೆದು ಅಂಕಗಳನ್ನು ಪಡೆದೆವು. ಮುಂದೆ ನಾನೇ ಮೇಷ್ಟರಾದ ಮೇಲೆ ಅದೇ ಪ್ರಬಂಧವನ್ನು ಎಷ್ಟೋ ವರ್ಷ ಹೇಳಿ ಬರೆಯಿಸಿದೆನು. ಈ ಪಾಪವನ್ನು ಮುಚ್ಚಿಟ್ಟು ಮಕ್ಕಳ ಮೇಲೆ ಬೆರಳು ತೋರುವುದು ನ್ಯಾಯವಲ್ಲ.

ನಿರಂತರ ಮತ್ತು ವ್ಯಾಪಕ ಮೌಲ್ಯಮಾಪನವೆಂಬ ಪದ್ಧತಿಯು ಬಂದಾಗ ಮಕ್ಕಳು ತಾವೇ ಹುಡುಕಿ ತಾವೇ ಬರೆಯಲೆಂಬ ಸದುದ್ದೇಶದಿಂದ ಪ್ರಾಜೆಕ್ಟುಗಳು ಬಂದುವು. ಆ ಉದ್ದೇಶವನ್ನು ನಮಗಿಂತ ಬೇಗ ಗ್ರಹಿಸಿದವನು ಬಸ್ ನಿಲ್ದಾಣದ ಎದುರಿನ ಜೆರಾಕ್ಸ್ ಅಂಗಡಿಯವನು. “ಯಾವ ಕ್ಲಾಸು, ಯಾವ ಸಬ್ಜೆಕ್ಟು” ಎಂದಷ್ಟೇ ಕೇಳಿ, ಬಣ್ಣದ ಮುಖಪುಟ, ಮುನ್ನುಡಿ, ಚಿತ್ರಗಳು, ಕೃತಜ್ಞತೆ ಇವೆಲ್ಲವೂ ಕೂಡಿದ ಹನ್ನೆರಡು ಹಾಳೆಗಳನ್ನು ಮುದ್ರಿಸಿ, ಸ್ಪೈರಲ್ ಬೈಂಡಿಂಗ್ ಹಾಕಿ, ಕಾಫಿ ಕುಡಿದು ಬರುವಷ್ಟರಲ್ಲಿ ಆತನು ಕೈಗಿಡುವನು. ನನಗೆ ಒಪ್ಪಿಸಿದ ಒಂದು ಪ್ರಾಜೆಕ್ಟಿನಲ್ಲಿ ‘ಮಾರ್ಗದರ್ಶನ ನೀಡಿದ ಗುರುಗಳಾದ’ ಎಂಬುದರ ಮುಂದೆ ನನ್ನ ಹೆಸರಿಗೆ ಬದಲಾಗಿ ಚುಕ್ಕೆಗಳ ಸಾಲೊಂದಿದ್ದಿತು. ನಾನು ನೀಡಿದ ಮಾರ್ಗದರ್ಶನಕ್ಕೆ ಅದು ತಕ್ಕ ವಿಶೇಷಣವೇ ಆಗಿದ್ದಿತು.

ಇದು ನಮ್ಮ ದೇಶಕ್ಕೆ ಮಾತ್ರ ಸೇರಿದ ಕಥೆಯಲ್ಲ. ಅಮೆರಿಕದ ಪ್ಯೂ ಸಂಶೋಧನಾ ಕೇಂದ್ರವು 2012ರಲ್ಲಿ, ಅಲ್ಲಿಯ ಮಾಧ್ಯಮಿಕ ಮತ್ತು ಪ್ರೌಢಶಾಲೆಗಳ 2,462 ಅಧ್ಯಾಪಕರನ್ನು ಈ ವಿಷಯವಾಗಿ ವಿಚಾರಿಸಿ ಒಂದು ವರದಿಯನ್ನು ಪ್ರಕಟಿಸಿತು. ಯಾವುದಾದರೂ ವಿಷಯವನ್ನು ಹುಡುಕಬೇಕಾದಾಗ ತಮ್ಮ ವಿದ್ಯಾರ್ಥಿಗಳು ಗೂಗಲ್‌ನಂಥ ಶೋಧಕಗಳ ಮೊರೆ ಹೋಗುವುದು ಬಹುಮಟ್ಟಿಗೆ ಖಚಿತವೆಂದವರು ಶೇಕಡಾ 94 ಮಂದಿ. ಪಠ್ಯಪುಸ್ತಕವಲ್ಲದ ಅಚ್ಚಿನ ಪುಸ್ತಕವೊಂದರ ವಿಷಯದಲ್ಲಿ ಹಾಗೆ ಹೇಳಿದವರು ಶೇಕಡಾ 12. ಮಕ್ಕಳ ಸಂಶೋಧನೆಯ ರೂಢಿಗಳ ಮೇಲೆ ಈ ಸಾಧನಗಳ ಪರಿಣಾಮವು ಒಟ್ಟಿನಲ್ಲಿ ಒಳ್ಳೆಯದೇ ಎಂದು ಶೇಕಡಾ 77 ಮಂದಿ ಹೇಳಿದರೆ, ಇವೇ ಸಾಧನಗಳಿಂದ ಚಿತ್ತ ಬೇಗ ಚದುರುವ ಒಂದು ತಲೆಮಾರು ಸೃಷ್ಟಿಯಾಗುತ್ತಿರುವುದೆಂದು ಶೇಕಡಾ 87 ಮಂದಿ ಒಪ್ಪಿದರು. ಈ ಎರಡು ಅಂಕೆಗಳನ್ನು ಕೂಡಿಸಿದರೆ ನೂರನ್ನು ಮೀರುವುದಷ್ಟೆ. ಎಂದರೆ ಒಂದೇ ಬಾಯಿಂದ ಹರಸಿದವರೂ ಶಪಿಸಿದವರೂ ಬಹು ಮಂದಿ. ಅದನ್ನು ಓದಿದಾಗ ನನಗೆ ಸಮುದ್ರದಾಚೆಯ ಆ ಸಹೋದ್ಯೋಗಿಗಳ ಮೇಲೆ ಬಂಧುಭಾವ ಮೂಡಿತೇ ಹೊರತು ಆಶ್ಚರ್ಯವಾಗಲಿಲ್ಲ.

ಹಳೆಯ ಗ್ರಂಥಾಲಯಗಳ ಶಾಂತಿಯನ್ನೂ ಪುಸ್ತಕದ ವಾಸನೆಯನ್ನೂ ನೆನೆದು ಕಣ್ಣೀರಿಡುವವರ ಗುಂಪಿಗೂ ನಾನು ಸೇರಿದವನಲ್ಲ. ಶಿವರಾಮ ಕಾರಂತರ ‘ಬಾಲಪ್ರಪಂಚ’ವನ್ನೂ ನಿರಂಜನರು ಸಂಪಾದಿಸಿದ ‘ಜ್ಞಾನಗಂಗೋತ್ರಿ’ಯ ಏಳು ಸಂಪುಟಗಳನ್ನೂ ಬಾಲ್ಯದಲ್ಲಿ ಮಡಿಲಲ್ಲಿಟ್ಟುಕೊಂಡು ಓದಿದವರು ಭಾಗ್ಯವಂತರು, ಹೆಚ್ಚಿನ ಹಳ್ಳಿಯ ಶಾಲೆಗಳಲ್ಲಿ ಅವು ಬೀಗ ಹಾಕಿದ ಬೀರುವಿನ ಗಾಜಿನ ಹಿಂದೆ ಇರುತ್ತಿದ್ದುವು, ಬೀಗದ ಕೈ ಹೆಡ್‌ಮಾಸ್ತರರ ಬಳಿ, ಪುಸ್ತಕ ಕಳೆದರೆ ಸಂಬಳದಲ್ಲಿ ಹಿಡಿಯುವರೆಂಬ ಹೆದರಿಕೆ ಹೆಡ್‌ಮಾಸ್ತರರ ಎದೆಯಲ್ಲಿ. ಬೆಂಜಮಿನ್ ಲೂಯಿಸ್ ರೈಸ್ ಎಂಬ ಮಹನೀಯರ ವಿಷಯವನ್ನು ಇಲ್ಲಿ ನೆನೆಯಬೇಕು. ಬೆಂಗಳೂರಿನಲ್ಲಿಯೇ ಹುಟ್ಟಿದ ಅವರು ಮೈಸೂರು ಸಂಸ್ಥಾನದ ವಿದ್ಯಾಇಲಾಖೆಯ ಮುಖ್ಯಾಧಿಕಾರಿಗಳಾಗಿದ್ದರು; ಶಾಲೆಗಳ ತನಿಖೆಗೆಂದು ಊರೂರು ಸಂಚರಿಸುವಾಗ ದಾರಿಯ ಬದಿಯಲ್ಲಿ ಕಂಡ ಕಲ್ಲಿನ ಶಾಸನಗಳಿಗೆ ಮನಸೋತು, 1886ರಿಂದ ಮೊದಲುಗೊಂಡು ಹನ್ನೆರಡು ಸಂಪುಟಗಳ ‘ಎಪಿಗ್ರಾಫಿಯಾ ಕರ್ನಾಟಿಕಾ’ದಲ್ಲಿ ಸುಮಾರು 9,000 ಶಾಸನಗಳನ್ನು ಪ್ರಕಟಿಸಿದರು. ಶಾಲಾ ತನಿಖಾಧಿಕಾರಿಯೊಬ್ಬರು ದಾರಿ ಬದಿಯ ಕಲ್ಲನ್ನು ಓದುತ್ತ ನಿಂತುದರಿಂದ ಒಂದು ನಾಡಿನ ಚರಿತ್ರೆಗೆ ಬುನಾದಿಯಾಯಿತು. ಈ ಸಂಪುಟಗಳನ್ನು ನಾನು ಮೊದಲು ಕಂಡದ್ದು ನನ್ನ ಮೂವತ್ತನೆಯ ವಯಸ್ಸಿನಲ್ಲಿ, ಅದೂ ಮೈಸೂರಿಗೆ ಹೋಗಿ, ಪರಿಚಯದವರೊಬ್ಬರ ಶಿಫಾರಸಿನ ಮೇಲೆ. ಇಂದು ಅವುಗಳ ಪುಟಗಳನ್ನು ಗ್ರಾಮ ಪಂಚಾಯಿತಿಯ ಅರಿವು ಕೇಂದ್ರದ ಕಂಪ್ಯೂಟರಿನಲ್ಲಿ ಹದಿನಾಲ್ಕರ ಹುಡುಗಿಯೊಬ್ಬಳು ತೆರೆದು, ತಾಲ್ಲೂಕುವಾರಾಗಿ ಜೋಡಿಸಿದ ಪಟ್ಟಿಯಲ್ಲಿ ತನ್ನ ಊರಿನ ಹೆಸರನ್ನು ಹುಡುಕಬಹುದು. ಹೆಬ್ಬಾಳದಲ್ಲಿ 2018ರಲ್ಲಿ ಚರಂಡಿಯ ಕೆಲಸದ ನಡುವೆ ದೊರೆತ, ಗಂಗರ ಶ್ರೀಪುರುಷನ ಕಾಲದ ವೀರಗಲ್ಲಿನಂಥ ಕಲ್ಲುಗಳನ್ನು ಬೆಂಗಳೂರಿನ ಮಿಥಿಕ್ ಸೊಸೈಟಿಯ ಆಶ್ರಯದಲ್ಲಿ ಮೂರು ಆಯಾಮಗಳಲ್ಲಿ ಸ್ಕ್ಯಾನ್ ಮಾಡಿ, ಬರಿಗಣ್ಣಿಗೆ ಸವೆದುಹೋದ ಅಕ್ಷರಗಳನ್ನೂ ಓದುವಂತೆ ಮಾಡುತ್ತಿದ್ದಾರೆ. ಇಷ್ಟನ್ನು ಕಂಡೂ ಕಂಪ್ಯೂಟರು ವಿದ್ಯೆಗೆ ಶತ್ರುವೆಂದು ಹೇಳುವವನ ಮಾತಿಗೆ ನಾನು ಸಾಕ್ಷಿಯಾಗಲಾರೆ.

ಹುಡುಕುವುದು ಸುಲಭವಾಯಿತು, ದೊರೆತುದನ್ನು ತೂಗಿ ನೋಡುವುದು ಸುಲಭವಾಗಲಿಲ್ಲ. ಬೆಂಗಳೂರಿಗೆ ಆ ಹೆಸರು ಹೇಗೆ ಬಂದಿತೆಂದು ಮಗುವೊಂದು ಕೇಳಿದರೆ, ಬೇಟೆಯಲ್ಲಿ ದಾರಿ ತಪ್ಪಿದ ವೀರಬಲ್ಲಾಳನಿಗೆ ಮುದುಕಿಯೊಬ್ಬಳು ಬೆಂದ ಕಾಳು ಕೊಟ್ಟ ಕಥೆಯು ನೂರು ಕಡೆಗಳಿಂದ ಹಾಜರಾಗುವುದು. ನೂರು ಕಡೆ ಇರುವುದರಿಂದ ಅದು ನಿಜವೆಂದು ಮಗು ತಿಳಿಯುವುದು ಸಹಜ; ನೂರಕ್ಕೂ ಮೂಲವು ಒಂದೇ ಆಗಿರಬಹುದೆಂಬ ಸಂಶಯವನ್ನು ಕಲಿಸುವುದೇ ಉಪಾಧ್ಯಾಯನ ಕೆಲಸ. ಬೇಗೂರಿನ ವೀರಗಲ್ಲಿನಲ್ಲಿ ಬೆಂಗಳೂರು ಕಾಳಗದ ಪ್ರಸ್ತಾಪವುಂಟು. ಆ ಕಲ್ಲು ಕ್ರಿಸ್ತಶಕ 890ರ ಸುಮಾರಿನದು. ಬಲ್ಲಾಳನು ಪಟ್ಟವೇರಿದುದು 1173ರಲ್ಲಿ. ಈ ಎರಡು ಇಸವಿಗಳನ್ನು ಕಪ್ಪು ಹಲಗೆಯ ಮೇಲೆ ಒಂದರ ಕೆಳಗೊಂದು ಬರೆದು ಸುಮ್ಮನೆ ನಿಂತರೆ ಸಾಕು, ಹಿಂದಿನ ಬೆಂಚಿನಿಂದ ಯಾರಾದರೊಬ್ಬರು “ಹಂಗಾದ್ರೆ ಆ ಕಥೆ?” ಎಂದು ಕೇಳಿಯೇ ಕೇಳುವರು. ಆ ಪ್ರಶ್ನೆಯ ಕ್ಷಣದ ಸುಖವನ್ನು ನಾನು ಬೇರೆ ಯಾವ ಪಾಠದಲ್ಲಿಯೂ ಕಂಡಿಲ್ಲ.

ದೊಡ್ಡವರು ಈ ವಿದ್ಯೆಯಲ್ಲಿ ಪಾರಂಗತರೆಂದೇನೂ ಅಲ್ಲ. ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದ ಸ್ಯಾಮ್ ವೈನ್‌ಬರ್ಗ್ ಮತ್ತು ಸಾರಾ ಮೆಕ್‌ಗ್ರೂ ಅವರು 2017ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಹತ್ತು ಮಂದಿ ಇತಿಹಾಸಕಾರರನ್ನೂ, ಹತ್ತು ಮಂದಿ ವೃತ್ತಿನಿರತ ಸತ್ಯಶೋಧಕ ಪತ್ರಕರ್ತರನ್ನೂ, ಇಪ್ಪತ್ತೈದು ವಿದ್ಯಾರ್ಥಿಗಳನ್ನೂ ಕೂರಿಸಿ ಕೆಲವು ಜಾಲತಾಣಗಳ ವಿಶ್ವಾಸಾರ್ಹತೆಯನ್ನು ಪರೀಕ್ಷಿಸಲು ಹೇಳಿದರು. ಪಂಡಿತರೂ ವಿದ್ಯಾರ್ಥಿಗಳೂ ಪುಟವನ್ನು ಮೇಲಿನಿಂದ ಕೆಳಕ್ಕೆ ಶ್ರದ್ಧೆಯಿಂದ ಓದಿ, ಗಂಭೀರವಾದ ಲಾಂಛನಕ್ಕೂ ಹೆಸರಿಗೂ ಮರುಳಾದರು. ಪತ್ರಕರ್ತರಾದರೋ ಕ್ಷಣಕಾಲ ಕಣ್ಣಾಡಿಸಿ, ಆ ಪುಟವನ್ನು ಅಲ್ಲಿಗೇ ಬಿಟ್ಟು, ಇದನ್ನು ನಡೆಸುವವರು ಯಾರೆಂದು ಬೇರೆ ಕಡೆ ವಿಚಾರಿಸಲು ಹೊರಟರು. ಹೆಣ್ಣು ನೋಡಲು ಹೋದ ನಮ್ಮ ಹಿರಿಯರೂ ಇದನ್ನೇ ಅಲ್ಲವೆ ಮಾಡುತ್ತಿದ್ದುದು? ಆ ಮನೆಯ ಉಪ್ಪಿಟ್ಟು ತಿಂದು, ಬರುವಾಗ ಬೀದಿಯ ಕೊನೆಯ ಅಂಗಡಿಯಲ್ಲಿ ಅವರ ಸಮಾಚಾರವನ್ನು ಕೇಳಿಕೊಂಡು ಬರುತ್ತಿದ್ದರು.

ಬರೆವಣಿಗೆಯ ಮಾತು ಇದಕ್ಕಿಂತ ಸೂಕ್ಷ್ಮವಾದುದು. ಫೋನಿಗೆ ಬಾಯಲ್ಲಿ ಹೇಳಿದರೆ ಅದು ಕನ್ನಡದಲ್ಲಿ ಬರೆದುಕೊಳ್ಳುವುದು. ಒತ್ತಕ್ಷರದ ಭಯವಿಲ್ಲ, ಮಹಾಪ್ರಾಣದ ಗೊಂದಲವಿಲ್ಲ. ಅಕಾರ ಹಕಾರಗಳಲ್ಲಿ ಎಡವುವ ಮಗು ಮಾತ್ರ ‘ಹಾಲು’ ಎಂಬಲ್ಲಿ ‘ಆಲು’ ಎಂದು, ಯಂತ್ರವೂ ಹಾಗೆಯೇ ಬರೆದು, ಇಬ್ಬರೂ ನಿಶ್ಚಿಂತರಾಗುವುದುಂಟು. ಇವು ಸಣ್ಣ ಸಂಗತಿಗಳು, ತಿದ್ದಿದರೆ ಹೋಗುವುವು. ಆದರೆ 2022ರ ನವೆಂಬರ್ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಕೂಡಿಕೊಂಡ ಸಂಗತಿಯು ಸಣ್ಣದಲ್ಲ. ಹಿಂದೆ ನಕಲು ಮಾಡುವ ಮಗುವೂ ಕನಿಷ್ಠಪಕ್ಷ ಕೈಯಿಂದ ಬರೆಯುತ್ತಿತ್ತು; ಬರೆಯುವಾಗ ಒಂದೆರಡು ವಾಕ್ಯಗಳಾದರೂ ಮನಸ್ಸಿಗೆ ಅಂಟುತ್ತಿದ್ದುವು. ಈಗ ಯಾರೂ ಬರೆಯದ, ಯಾವ ಪುಸ್ತಕದಲ್ಲಿಯೂ ಇಲ್ಲದ, ಆದುದರಿಂದ ಕದ್ದುದೆಂದು ಹಿಡಿಯಲೂ ಬಾರದ ಪ್ರಬಂಧವು ನಿಮಿಷದೊಳಗೆ ಸಿದ್ಧವಾಗುವುದು. ಅಂಥವನ್ನು ನಾನು ಕೆಲವನ್ನು ಓದಿದ್ದೇನೆ. ವಾಕ್ಯಗಳು ಇಸ್ತ್ರಿ ಹಾಕಿದಂತಿರುವುವು, ಪರ ವಿರೋಧಗಳು ತಕ್ಕಡಿಯಲ್ಲಿ ತೂಗಿದಂತಿರುವುವು; ಮನೆಯೆಲ್ಲ ಗುಡಿಸಿ ಸಾರಿಸಿದೆ, ರಂಗೋಲಿ ಹಾಕಿದೆ, ಒಳಗೆ ಕೂಗಿದರೆ ಓಗೊಡುವವರು ಯಾರೂ ಇಲ್ಲ.

ಇದು ಬರಿಯ ಅಪ್ರಾಮಾಣಿಕತೆಯ ಪ್ರಶ್ನೆಯೆಂದು ತಿಳಿದು ಪೊಲೀಸರಂತೆ ಹಿಡಿಯಹೊರಟವರು ಹಾನಿಯ ನಿಜವಾದ ಸ್ಥಳವನ್ನು ಕಾಣರು. ಮೊದಲು ಯೋಚಿಸಿ ಆಮೇಲೆ ಬರೆಯುವೆವೆಂಬುದು ನಾವು ಮಕ್ಕಳಿಗೆ ಹೇಳುವ ಸುಳ್ಳುಗಳಲ್ಲಿ ಒಂದು. ಹದಿನೈದರ ವಯಸ್ಸಿನಲ್ಲಿ, ಮನಸ್ಸಿನೊಳಗೆ ಮೋಡದಂತೆ ಕವಿದಿರುವುದೊಂದನ್ನು ಒಂದು ಕರ್ತೃಪದಕ್ಕೆ ಒಂದು ಕ್ರಿಯಾಪದವನ್ನು ಹೊಂದಿಸುವ ಕಷ್ಟದಲ್ಲಿ ಸಿಕ್ಕಿಸಿದಾಗಲೇ, ‘ನಾನು ಹೇಳಹೊರಟದ್ದು ಇದಲ್ಲ’ ಎಂಬ ಅರಿವು ಹುಟ್ಟುವುದು. ಆ ಅಲ್ಲಗಳೆಯುವಿಕೆ, ಆ ಹೊಡೆದುಹಾಕುವಿಕೆ, ಮಸಿ ಬಳಿದ ಆ ಕರಡು, ಇವೇ ವಿಚಾರದ ಹುಟ್ಟಿನ ಸ್ಥಾನಗಳು. ಯಂತ್ರವು ಕೈಬೆರಳಿನ ಶ್ರಮವನ್ನು ಉಳಿಸಿದರೆ ನನಗೆ ಸಂತೋಷವೇ. ಅದು ಉಳಿಸುತ್ತಿರುವುದು ಈ ಶ್ರಮವನ್ನಾದುದರಿಂದ ನನಗೆ ಭಯ.

ಹಾಗಾದರೆ ಏನು ಮಾಡಬೇಕು? ಫೋನನ್ನು ನಿಷೇಧಿಸಿದರೆ ಜೆರಾಕ್ಸ್ ಅಂಗಡಿಯುಂಟು. ನನ್ನ ಅಭಿಪ್ರಾಯದಲ್ಲಿ ಬದಲಾಗಬೇಕಾದುದು ನಮ್ಮ ಪ್ರಶ್ನೆ. ‘ಜಲಮಾಲಿನ್ಯ’ವೆಂದು ಒಂದು ಮಾತಿನಲ್ಲಿ ವಿಷಯ ಕೊಟ್ಟು, ಪೀಠಿಕೆ, ವಿಷಯ ವಿವರಣೆ, ಉಪಸಂಹಾರಗಳಿಗೆ ಇಂತಿಷ್ಟೆಂದು ಅಂಕ ಹಂಚುವ ತನಕ ನಾವು ಕೇಳುತ್ತಿರುವುದು ಯಂತ್ರದ ಉತ್ತರವನ್ನೇ, ಯಂತ್ರವು ಅದನ್ನು ನಮ್ಮ ಮಕ್ಕಳಿಗಿಂತ ಚೆನ್ನಾಗಿ ಕೊಡುತ್ತಿದೆಯೆಂದು ಸಿಟ್ಟಾಗುವುದೇಕೆ? ಯಾರೂ ಇನ್ನೂ ಉತ್ತರ ಬರೆದಿರದ ಪ್ರಶ್ನೆಗಳು ಪ್ರತಿಯೊಂದು ಊರಿನಲ್ಲಿಯೂ ಬಿದ್ದಿವೆ. ಅಂಥದೊಂದನ್ನು ಕೊಟ್ಟು, ಶುದ್ಧಪ್ರತಿಗಿಂತ ಕರಡಿಗೆ ಹೆಚ್ಚು ಅಂಕವನ್ನಿಡಬೇಕು. ಇದಕ್ಕೆ ಮೇಷ್ಟರಿಗೆ ಬಿಡುವು ಬೇಕು. ಒಂದು ತರಗತಿಯಲ್ಲಿ ಅರುವತ್ತು ಮಕ್ಕಳು, ನಡುವೆ ಚುನಾವಣೆಯ ಕೆಲಸ, ಗಣತಿಯ ಕೆಲಸ, ಸಂಜೆಯೊಳಗೆ ಆನ್‌ಲೈನಿನಲ್ಲಿ ತುಂಬಿಸಬೇಕಾದ ಮಾಹಿತಿ: ಇವುಗಳ ನಡುವೆ ಅರುವತ್ತು ಕರಡುಗಳನ್ನು ಓದುವನೆಂದರೆ ಅವನು ತಪಸ್ವಿಯೇ ಆಗಿರಬೇಕು. ಮಕ್ಕಳ ಫೋನಿನ ವಿಷಯವಾಗಿ ಕಳವಳಪಡುವ ಮಹನೀಯರು ಮೇಷ್ಟರ ಫೋನಿಗೆ ದಿನವೂ ಬರುವ ಸುತ್ತೋಲೆಗಳನ್ನೂ ಒಮ್ಮೆ ಎಣಿಸುವುದು ಒಳ್ಳೆಯದು.

ಹೊಸಹಳ್ಳಿಯ ಹುಡುಗನಿಗೆ ಮತ್ತೊಮ್ಮೆ ಬರೆದು ತಾ ಎಂದೆನು. ಏನು ಬರೆಯಲೆಂದು ತಲೆ ಕೆರೆದುಕೊಳ್ಳುತ್ತ ನಿಂತವನು, “ನಮ್ದು ಹೊಸಹಳ್ಳಿ ಅಂದ್ಮೇಲೆ ಹಳೇದು ಎಲ್ಲಿತ್ತು ಸಾ?” ಎಂದನು. ನನಗೆ ತಿಳಿಯದೆಂದೆ. ಎರಡು ವಾರಗಳಾದ ಮೇಲೆ ಅವನು ತಂದುದು ಒಂದೂಕಾಲು ಪುಟ. ಕಾಗುಣಿತದ ತಪ್ಪುಗಳು ಹನ್ನೊಂದು. ಕೆರೆಯ ಆಚೆ ಹಾಳೂರು ಎಂದು ಕರೆಯುವ ಹೊಲವಿದೆಯಂತೆ. ಉತ್ತರೆ ಅಲ್ಲಿ ಮಡಕೆಯ ಚೂರುಗಳು ಏಳುವುವಂತೆ. ಗ್ರಾಮಲೆಕ್ಕಿಗರು ತಮ್ಮ ದಫ್ತರದಲ್ಲಿ ಅದನ್ನು ಬೇಚರಾಕ್ ಗ್ರಾಮ, ಎಂದರೆ ಜನವಸತಿಯಿಲ್ಲದ ಊರು, ಎಂದು ತೋರಿಸಿದರಂತೆ. ಕೊನೆಯ ಸಾಲುಗಳು ಹೀಗಿದ್ದುವು: “ಪ್ಲೇಗು ಬಂದು ಊರು ಬಿಟ್ಟರು ಅಂತ ನಮ್ಮ ಅಜ್ಜಿ ಹೇಳುತ್ತಾಳೆ. ಬೆಂಗಳೂರಿಗೆ ಪ್ಲೇಗು ಬಂದಿದ್ದು 1898ರಲ್ಲಿ ಅಂತ ಫೋನಲ್ಲಿ ಇದೆ. ಆದರೆ ಹೊಸ ಊರಿನ ಆಂಜನೇಯನ ಗುಡಿ ಬಾಗಿಲ ಮೇಲೆ 1871 ಅಂತ ಕೆತ್ತಿದ್ದಾರೆ. ಅಜ್ಜೀನ ಇನ್ನೊಂದು ಸಲ ಕೇಳಬೇಕು.”