ಕಂಬಿ ಎಷ್ಟು ಅಂತಲ್ಲ, ಎಲ್ಲಿದೆ ಅಂತ ಕೇಳಿ

ಸಜ್ಜಾ ಬಿದ್ದರೆ ಊರಲ್ಲಿ ಮೊದಲು ಬರುವ ಮಾತು, ‘ಕಂಬಿ ಕಮ್ಮಿ ಹಾಕಿದ್ರು’. ಕಂಬಿ ಸಾಕಷ್ಟಿದ್ದರೂ ಸಜ್ಜಾ ಬೀಳುತ್ತದೆ, ಅದು ಇರಬೇಕಾದ ಜಾಗದಲ್ಲಿ ಇಲ್ಲದಿದ್ದರೆ.

ಕಾಂಕ್ರೀಟು ಭಾರ ಹೊರುತ್ತದೆ, ಎಳೆದರೆ ಬಿರಿಯುತ್ತದೆ. ಎಳೆತ ಇರುವ ಕಡೆ ಕಂಬಿ ಬೇಕು. ಎರಡು ಗೋಡೆ ಮೇಲೆ ಕೂತ ಮೋಲ್ಡು ನಡುವೆ ಬಗ್ಗುತ್ತದೆ. ಅಲ್ಲಿ ಎಳೆತ ಕೆಳಗೆ. ಗೋಡೆಯಿಂದ ಹೊರಚಾಚಿದ ಸಜ್ಜಾ ತುದಿಯಲ್ಲಿ ಬಾಗುತ್ತದೆ. ಅಲ್ಲಿ ಎಳೆತ ಮೇಲೆ. ಹಾಗಾಗಿ ಸಜ್ಜಾದ ಮುಖ್ಯ ಕಂಬಿ ಮೇಲ್ಭಾಗದಲ್ಲೇ ಇರಬೇಕು.

ಕಾಂಕ್ರೀಟು ಸುರಿಯುವಾಗ ಕಂಬಿ ತುಳಿದರೆ ಅದು ತಳ ಸೇರುತ್ತದೆ. 4 ಇಂಚು ದಪ್ಪದ ಸಜ್ಜಾದಲ್ಲಿ 1 ಇಂಚು ಇಳಿದರೂ ಸುಮಾರು ಮೂರನೇ ಒಂದು ಭಾಗ ಬಲ ಹೋಯಿತು. ಮೇಸ್ತ್ರಿಯನ್ನು ಬೈದು ಪ್ರಯೋಜನವಿಲ್ಲ. ಹೇಳಿಕೊಡಬೇಕಾದ ಇಂಜಿನಿಯರ್ ಆ ದಿನ ಎಲ್ಲಿದ್ದರು? ಗಾರೆ ಆದ ಮೇಲೆ ಬಂದು, ಉದ್ದಗಲ ಅಳೆದು ಬಿಲ್ ಬರೆಯುವುದು ತಪಾಸಣೆಯಲ್ಲ.

ಮಳೆ ಬಂದರೆ ಶಾಲೆಯ ಸಜ್ಜಾದಡಿ ನಿಲ್ಲುವವರು ನಮ್ಮ ಮಕ್ಕಳು. ನಾವೆಲ್ಲ ಸೇರಿ ಕೇಳೋಣ: ಕಾಂಕ್ರೀಟು ಹಾಕುವ ಮುಂಚೆ, ಹಾಕುವಾಗ ಇಂಜಿನಿಯರ್ ಅಲ್ಲೇ ನಿಂತು ಕಂಬಿ ನೋಡಲಿ. ನೀವೂ ಟೇಪು ಹಿಡಿದು ಫೋಟೊ ತೆಗೆದಿಟ್ಟುಕೊಳ್ಳಿ. ಮುಚ್ಚಿದ ಮೇಲೆ ಕಂಬಿ ಯಾರ ಕಣ್ಣಿಗೂ ಕಾಣುವುದಿಲ್ಲ.