ಗಣಕಯಂತ್ರದ ಬದಲಾವಣೆಗೂ ಒಂದು ಖಾತೆ ಬೇಕು

2025ರ ಅಕ್ಟೋಬರ್ 14 ಸದ್ದಿಲ್ಲದೆ ಕಳೆದುಹೋಯಿತು. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ಕಂಪನಿ ಕೊಡುತ್ತಿದ್ದ ಮಾಮೂಲು ರಕ್ಷಣೆ ಅಂದಿಗೆ ಮುಗಿಯಿತು. ಮರುದಿನವೂ ಸಹಕಾರ ಸಂಘಗಳಲ್ಲಿ, ಮಂಡಿಗಳಲ್ಲಿ, ಗೊಬ್ಬರದ ಅಂಗಡಿಗಳಲ್ಲಿ ಹಳೆಯ ಗಣಕಯಂತ್ರಗಳು ಎಂದಿನಂತೆ ನಡೆದವು. ಬಿಲ್ಲು ಬಂತು, ರಸೀದಿ ಬಂತು. ಏನೂ ಆಗಲಿಲ್ಲವಲ್ಲ ಎಂದು ಹಲವರು ಸುಮ್ಮನಾದರು. ಚಿಂತೆ ಇರುವುದು ಈ ಸುಮ್ಮನಾಗುವುದರಲ್ಲೇ.

ವಿಂಡೋಸ್ ಎಂಬುದು ಯಂತ್ರದ ಒಳಗೆ ಕುಳಿತು ಎಲ್ಲ ಕೆಲಸ ನಡೆಸುವ ಆಪರೇಟಿಂಗ್ ಸಿಸ್ಟಂ. ಅದರಲ್ಲಿ ಕಳ್ಳರು ನುಸುಳಬಲ್ಲ ಕಿಂಡಿಗಳು ಆಗಾಗ ಪತ್ತೆಯಾಗುತ್ತವೆ. ಕಂಪನಿ ತಿಂಗಳಿಗೊಮ್ಮೆ ಅವನ್ನು ಮುಚ್ಚುತ್ತದೆ. ಅವಧಿ ಮುಗಿದ ಮೇಲೆ ಮುಚ್ಚುವುದು ನಿಲ್ಲುತ್ತದೆ. ಬೇಲಿ ಇದ್ದಲ್ಲೇ ಇದೆ, ಮುರಿದಲ್ಲಿ ಮುಳ್ಳು ಹಾಕುವವರು ಇಲ್ಲ, ಅಷ್ಟೆ. ದನ ನುಗ್ಗುವ ದಿನದವರೆಗೂ ಹೊಲ ಹಸಿರಾಗಿಯೇ ಕಾಣುತ್ತದೆ.

ಇದು ಪೇಟೆಯವರ ಸಮಸ್ಯೆ ಎಂದುಕೊಳ್ಳಬೇಡಿ. ಬೆಳೆ ಸಾಲದ ಬಾಕಿ, ಷೇರು ಹಣ, ಗೊಬ್ಬರದ ದಾಸ್ತಾನು ಎಲ್ಲವೂ ಈಗ ಯಂತ್ರದ ಹೊಟ್ಟೆಯಲ್ಲಿವೆ. 63,000 ಪ್ರಾಥಮಿಕ ಕೃಷಿ ಪತ್ತಿನ ಸಂಘಗಳನ್ನು ಗಣಕೀಕರಿಸುವ ಯೋಜನೆಗೆ ಕೇಂದ್ರ ಸಂಪುಟ 2022ರ ಜೂನ್‌ನಲ್ಲೇ ಒಪ್ಪಿಗೆ ಕೊಟ್ಟಿತು. ಲೆಕ್ಕ ದೂರದ ಸರ್ವರ್‌ನಲ್ಲಿ ಇದ್ದರೂ ಅದರ ಬಾಗಿಲು ಇರುವುದು ಸಂಘದ ಮೇಜಿನ ಮೇಲಿನ ಯಂತ್ರದಲ್ಲೇ. ಕಾಸರಗೋಡಿನ ಅಡಿಕೆಯಾಗಲಿ, ಆದೋನಿಯ ಹತ್ತಿಯಾಗಲಿ, ಸೊಲ್ಲಾಪುರದ ಈರುಳ್ಳಿಯಾಗಲಿ, ಮಾಲು ಬಂದ ದಿನ ಯಂತ್ರ ನಿಂತರೆ ರೈತ ಗಾಡಿ ಬಾಡಿಗೆ ತೆತ್ತು ಕಾಯಬೇಕು.

ಹಾಗಾದರೆ ಸಂಘ ಬದಲಾವಣೆಗೆ ಸಿದ್ಧವಾಗಿದೆಯೇ? ಕೇಳಿ ನೋಡಿ. 'ಎಲ್ಲಾ ರೆಡಿ ಐತಿ ಬಿಡ್ರಿ' ಎಂಬ ಉತ್ತರ ಬರುತ್ತದೆ. ಆ ಮಾತನ್ನು ಯಾವ ಕಾಗದದ ಆಧಾರದ ಮೇಲೆ ಹೇಳಿದರು ಎಂದು ಮತ್ತೊಂದು ಪ್ರಶ್ನೆ ಕೇಳಬೇಕು. ನಾವು ಹೇಳಹೊರಟಿರುವುದು ಇದಿಷ್ಟೆ: ಸಿದ್ಧತೆ ಬಾಯಿಮಾತಿನಲ್ಲಿ ಇರಬಾರದು, ಖಾತೆಯಲ್ಲಿ ಇರಬೇಕು.

ಬಾಯಿಮಾತು ನಂಬಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಸರ್ಕಾರಿ ಆಸ್ಪತ್ರೆಗಳೇ ಸಾಕ್ಷಿ. ವಿಂಡೋಸ್ ಎಕ್ಸ್‌ಪಿಯಂಥ ಹಳೆಯ ವ್ಯವಸ್ಥೆಗಳಿಂದ 2015ರ ಏಪ್ರಿಲ್ ಒಳಗೆ ಹೊರಬರಲು ಯೋಜನೆ ಮಾಡಿಕೊಳ್ಳಿ ಎಂದು ಆರೋಗ್ಯ ಇಲಾಖೆ 2014ರಲ್ಲೇ ಪತ್ರ ಬರೆದಿತ್ತು. 2017ರ ಮಾರ್ಚ್‌ನಲ್ಲಿ ಒಂದು ದೊಡ್ಡ ಕಿಂಡಿಗೆ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತು. ಹಾಕಿಕೊಳ್ಳಿ ಎಂಬ ಎಚ್ಚರಿಕೆಯೂ ಆಸ್ಪತ್ರೆಗಳಿಗೆ ಹೋಯಿತು. ಆದರೂ ಅದೇ ವರ್ಷ ಮೇ 12ರಂದು ವಾನ್ನಾಕ್ರೈ ಎಂಬ ದಾಳಿ ಆ ಕಿಂಡಿಯಿಂದಲೇ ನುಗ್ಗಿತು. 236 ಆಸ್ಪತ್ರೆ ಟ್ರಸ್ಟುಗಳ ಪೈಕಿ ಕನಿಷ್ಠ 80ಕ್ಕೆ ತೊಂದರೆಯಾಯಿತು. ಶಸ್ತ್ರಚಿಕಿತ್ಸೆಗಳೂ ಸೇರಿ ರೋಗಿಗಳಿಗೆ ಕೊಟ್ಟಿದ್ದ 6,912 ದಿನ-ಸಮಯಗಳು ರದ್ದಾದದ್ದು ಲೆಕ್ಕಕ್ಕೆ ಸಿಕ್ಕಿತು. ತಗುಲಿದ ಯಂತ್ರಗಳಲ್ಲಿ ಹೆಚ್ಚಿನವು ಎಕ್ಸ್‌ಪಿ ಅಲ್ಲ, ತೇಪೆ ಹಾಕದ ವಿಂಡೋಸ್ 7.

ಆ ದೇಶದ ಲೆಕ್ಕಪರಿಶೋಧನಾ ಕಚೇರಿ ಅದೇ ವರ್ಷ ಅಕ್ಟೋಬರ್‌ನಲ್ಲಿ ವರದಿ ಕೊಟ್ಟಿತು. ಕೊಟ್ಟ ಸಲಹೆಯನ್ನು ಆಸ್ಪತ್ರೆಗಳು ಪಾಲಿಸಿವೆಯೇ, ಅವು ಸಿದ್ಧವಿವೆಯೇ ಎಂದು ನೋಡುವ ಕ್ರಮಬದ್ಧ ವ್ಯವಸ್ಥೆಯೇ ಇಲಾಖೆಯಲ್ಲಿ ಇರಲಿಲ್ಲ ಎಂದು ಅದು ಹೇಳಿತು. ಪತ್ರ ಹೋಗಿತ್ತು, ತೇಪೆ ಸಿಕ್ಕಿತ್ತು. ಯಾರು ಹಾಕಿಕೊಂಡರು, ಯಾರು ಬಿಟ್ಟರು ಎಂಬ ಖಾತೆ ಮಾತ್ರ ಇರಲಿಲ್ಲ. ಅಷ್ಟು ದೊಡ್ಡ ಸಂಸ್ಥೆಯ ಪಾಡೇ ಹೀಗಾದರೆ ಮೂರು ಯಂತ್ರದ ಸಂಘದ ಗತಿಯೇನು?

ಮೂರೇ ಯಂತ್ರವಿದ್ದರೆ ಖಾತೆಯೂ ಸುಲಭ ಎಂಬುದು ಸಮಾಧಾನದ ಮಾತು. ಒಂದು ನೂರು ಪುಟದ ನೋಟುಬುಕ್ಕು ಸಾಕು. ಒಂದೊಂದು ಯಂತ್ರಕ್ಕೆ ಒಂದು ಪುಟ. ಅದರಲ್ಲಿ ಏನು ಕೆಲಸ ನಡೆಯುತ್ತದೆ, ಅದು ನಿಂತರೆ ಯಾರ ಕೆಲಸ ನಿಲ್ಲುತ್ತದೆ, ವಿಂಡೋಸ್ 11 ಅದಕ್ಕೆ ಹಿಡಿಸುತ್ತದೆಯೇ, ಹೊಣೆ ಯಾರದು, ಯಾವ ತಾರೀಕಿನೊಳಗೆ—ಇಷ್ಟು ಬರೆಯಿರಿ. ಹಿಡಿಸುತ್ತದೆಯೇ ಎಂದು ತಿಳಿಯಲು ಮೈಕ್ರೋಸಾಫ್ಟಿನ ಪಿಸಿ ಹೆಲ್ತ್ ಚೆಕ್ ಎಂಬ ಉಚಿತ ಸಾಧನವೇ ಇದೆ. ಹೊಸ ವ್ಯವಸ್ಥೆಗೆ ಟಿಪಿಎಂ 2.0 ಎಂಬ ಭದ್ರತಾ ಚಿಪ್ಪು ಬೇಕು. ಇಂಟೆಲ್ ಆದರೆ ಹೆಚ್ಚುಕಡಿಮೆ ಎಂಟನೆಯ ತಲೆಮಾರಿನ ಅಥವಾ ಅದಕ್ಕಿಂತ ಈಚಿನ ಪ್ರೊಸೆಸರ್ ಬೇಕು. ಹಳೆಯ ಯಂತ್ರಕ್ಕೆ ಬರೀ ಮೆಮೊರಿ ಹೆಚ್ಚಿಸಿದರೆ ಈ ಕೊರತೆ ನೀಗುವುದಿಲ್ಲ.

ಯಂತ್ರ ಹಿಡಿಸಿದ ಮಾತ್ರಕ್ಕೆ ಕೆಲಸ ಮುಗಿಯಿತೆಂದೂ ಅಲ್ಲ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ. ಡಾಸ್ ಕಾಲದಲ್ಲಿ ಬರೆಸಿಕೊಂಡ ಲೆಕ್ಕದ ಪ್ರೋಗ್ರಾಂ ಅದರಲ್ಲಿ ನೇರವಾಗಿ ನಡೆಯದು. ಹಳೆಯ 32 ಬಿಟ್ ಡ್ರೈವರ್ ನಂಬಿದ ಪ್ರಿಂಟರು, ಹೆಬ್ಬೆಟ್ಟು ಒತ್ತುವ ಯಂತ್ರ ಮಾತಾಡುವುದನ್ನು ನಿಲ್ಲಿಸಬಹುದು. ಆದ್ದರಿಂದ ಒಂದೊಂದರ ಎದುರಿಗೂ 'ನೋಡಿಲ್ಲ', 'ನೋಡಿದೆ, ಆಗದು', 'ನೋಡಿದೆ, ಆಗುತ್ತದೆ', 'ಬದಲಾಯಿಸಿದೆ' ಎಂಬ ನಾಲ್ಕರಲ್ಲಿ ಒಂದನ್ನು ಬರೆಯಬೇಕು. ನೋಡಿಲ್ಲ ಎಂದು ಬರೆಯಲು ನಾಚಿಕೆ ಬೇಡ. ನೋಡದೆ 'ರೆಡಿ' ಎಂದು ಬರೆಯುವುದೇ ನಷ್ಟದ ದಾರಿ.

ಶೇಕಡಾ ಲೆಕ್ಕಕ್ಕೂ ಮರುಳಾಗಬೇಡಿ. ಹತ್ತರಲ್ಲಿ ಒಂಬತ್ತು ಯಂತ್ರ ಬದಲಾಗಿವೆ, ಶೇ. 90 ಕೆಲಸ ಮುಗಿಯಿತು ಎಂದರೆ ಕೇಳಲು ಚೆಂದ. ಉಳಿದ ಒಂದರಲ್ಲೇ ಸಾಲದ ಲೆಡ್ಜರ್ ಇದ್ದರೆ? ಎಣಿಸಬೇಕಾದ್ದು ಯಂತ್ರವನ್ನಲ್ಲ, ಕೆಲಸವನ್ನು.

ಗಡಿಯ ಸಂಘಗಳಿಗೆ ಇನ್ನೊಂದು ಪುಟ ಹೆಚ್ಚು ಬೇಕು. ಸರ್ಕಾರಕ್ಕೆ ಕಳಿಸುವ ಕಾಗದ ಮರಾಠಿಯಲ್ಲೋ ತೆಲುಗಿನಲ್ಲೋ ತಮಿಳು, ಮಲಯಾಳದಲ್ಲೋ ಇರುತ್ತದೆ. ಸದಸ್ಯರಿಗೆ ಓದಿ ಹೇಳುವ ನಡಾವಳಿ, ನೋಟೀಸು ಕನ್ನಡದಲ್ಲಿ. ಯೂನಿಕೋಡ್ ರೂಢಿಗೆ ಬರುವ ಮೊದಲು ಟೈಪ್ ಮಾಡಿದ ಕನ್ನಡ ಕಡತಗಳಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ; ಆ ಹಳೆಯ ಫಾಂಟ್ ಇದ್ದರೆ ಮಾತ್ರ ಕನ್ನಡ ಕಾಣುತ್ತದೆ. ಹೊಸ ಯಂತ್ರಕ್ಕೆ ಕಡತ ಬಂದು ಫಾಂಟ್ ಬಾರದಿದ್ದರೆ ಹಳೆಯ ಠರಾವುಗಳು ಕಾಗೆಕಾಲು ಗುಬ್ಬಿಕಾಲಾಗಿ ನಿಲ್ಲುತ್ತವೆ. ಬೇರೆ ಭಾಷೆಯ ತಂತ್ರಜ್ಞ ಅದನ್ನು ಕೆಟ್ಟ ಕಡತವೆಂದು ಅಳಿಸಿಯೂ ಬಿಟ್ಟಾನು. ಹಳೆಯ ಯಂತ್ರ ಇರುವಾಗಲೇ ಫಾಂಟನ್ನು ಎತ್ತಿಡಿ, ಕಡತಗಳನ್ನು ಯೂನಿಕೋಡಿಗೆ ಬದಲಿಸಿ, ಕನ್ನಡ ಬಲ್ಲವರು ಕೂತು ಓದಿ ನೋಡಲಿ. ನಮ್ಮ ಭಾಷೆಯ ದಾಖಲೆಯನ್ನು ನಾವೇ ನೋಡಿಕೊಳ್ಳದೆ ಮತ್ಯಾರು ನೋಡಿಯಾರು?

ದುಡ್ಡೆಲ್ಲಿದೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಎಲ್ಲವನ್ನೂ ಎಸೆದು ಹೊಸದು ಕೊಳ್ಳಿ ಎಂಬ ಅಂಗಡಿಯವರ ಮಾತಿಗೆ ತಲೆಯಾಡಿಸಬೇಕಿಲ್ಲ. ಸಂಸ್ಥೆಗಳು ಹಣ ಕೊಟ್ಟು ವಿಂಡೋಸ್ 10ರ ರಕ್ಷಣೆಯನ್ನು ಗರಿಷ್ಠ ಮೂರು ವರ್ಷ ಮುಂದುವರಿಸಿಕೊಳ್ಳಲು ಕಂಪನಿ ಅವಕಾಶ ಘೋಷಿಸಿತು. ಮೊದಲ ವರ್ಷಕ್ಕೆ ಯಂತ್ರವೊಂದಕ್ಕೆ 61 ಡಾಲರ್, ಆಮೇಲೆ ವರ್ಷವರ್ಷಕ್ಕೂ ದುಪ್ಪಟ್ಟು. ಮೂರು ವರ್ಷಕ್ಕೆ 427 ಡಾಲರ್ ಆಗುತ್ತದೆ. ಅದು ಮೀಟರ್ ಬಡ್ಡಿಯ ಸಾಲವಿದ್ದಂತೆ, ಒಂದು ವರ್ಷದ ಮಟ್ಟಿಗೆ ಸರಿ. ಬರೀ ಬ್ರೌಸರ್ ತೆರೆಯುವ ಯಂತ್ರಕ್ಕೆ ಉಚಿತವಾದ ಲಿನಕ್ಸ್ ಸಾಕಾಗಬಹುದು. ಯಾವುದಕ್ಕೆ ಯಾವ ಮದ್ದು ಎಂದು ಹೇಳುವುದೂ ಆ ಖಾತೆಯೇ.

ಬದಲಾವಣೆಗೆ ಹಂಗಾಮೂ ಮುಖ್ಯ. ಮಾರ್ಚ್ ಲೆಕ್ಕ ಮುಗಿಸುವಾಗ, ಸಾಲ ಹಂಚುವಾಗ, ಮಾಲು ಬರುವಾಗ ಕೈಹಾಕಬಾರದು. ಮೊದಲು ಒಂದು ಯಂತ್ರ ಬದಲಿಸಿ, ಹದಿನೈದು ದಿನ ಹಳೆಯದನ್ನೂ ಪಕ್ಕದಲ್ಲಿ ಇಟ್ಟುಕೊಂಡು ತಾಳೆ ನೋಡಿ. ಬ್ಯಾಕಪ್ ಇದೆ ಎಂದರೆ ಸಾಲದು. ಅದನ್ನು ಬೇರೆ ಯಂತ್ರದಲ್ಲಿ ತೆರೆದು ಒಬ್ಬ ಸದಸ್ಯರ ಬಾಕಿ ಓದಿ ತೋರಿಸಬೇಕು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದರೆ ಪ್ರಯೋಜನವಿಲ್ಲವೆಂದು ರೈತರಿಗೆ ಹೇಳಿಕೊಡಬೇಕಾಗಿಲ್ಲ. ಮಹಾಸಭೆಯಲ್ಲಿ ಲಾಭಾಂಶ ಎಷ್ಟು ಎಂದು ಕೇಳುವ ಸದಸ್ಯರು ಯಂತ್ರಗಳ ಖಾತೆ ಎಲ್ಲಿ ಎಂದೂ ಕೇಳಲಿ. ಮಂಡಳಿಯವರು ತಿಂಗಳಿಗೊಮ್ಮೆ ಆ ಪುಟಗಳನ್ನು ಓದಿ ಸಹಿ ಹಾಕಲಿ, ಎರಡೂ ಭಾಷೆಯಲ್ಲಿ ನೋಟೀಸು ಬೋರ್ಡಿಗೆ ಅಂಟಿಸಲಿ. ಖರ್ಚು ಒಂದು ನೋಟುಬುಕ್ಕಿನದು. ಉಳಿಯುವುದು ನೂರಾರು ಮನೆಗಳ ಲೆಕ್ಕ.