ಗ್ರಹಣಶಕ್ತಿಯ ಮರುಶಿಕ್ಷಣ: ಆಸ್ಪತ್ರೆಯಲ್ಲೋ, ಮನೆಯಲ್ಲೋ?

ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ವ್ಯಾಧಿಯ ಹೆಸರನ್ನು ನಮ್ಮ ವಾಚಕರಲ್ಲಿ ಕೆಲವರಾದರೂ ಕೇಳಿರಬಹುದು. 1868ರಲ್ಲಿ ಪ್ಯಾರಿಸ್ಸಿನ ವೈದ್ಯ ಷಾರ್ಕೋ ಇದನ್ನು ಪ್ರತ್ಯೇಕ ರೋಗವೆಂದು ವಿವರಿಸಿದನು. ವಿದ್ಯುತ್ ತಂತಿಗೆ ರಬ್ಬರಿನ ಹೊದಿಕೆ ಇರುವಂತೆ ನರತಂತುಗಳಿಗೆ ಮಯಲಿನ್ ಎಂಬ ಕೊಬ್ಬಿನ ಹೊದಿಕೆಯುಂಟು. ದೇಹದ ರಕ್ಷಣಾವ್ಯವಸ್ಥೆಯೇ ದಾರಿತಪ್ಪಿ, ಮಿದುಳಿನಲ್ಲಿಯೂ ಮಿದುಳುಬಳ್ಳಿಯಲ್ಲಿಯೂ ಅಲ್ಲಲ್ಲಿ ಈ ಹೊದಿಕೆಯನ್ನು ಕೆಡಿಸುತ್ತದೆ. ಆಗ ಸಂದೇಶಗಳ ಓಟ ಕುಂಟುತ್ತದೆ. ಕೆಲವೆಡೆ ನಿಂತೇ ಹೋಗುತ್ತದೆ. ಕಣ್ಣು ಮಂಜಾಗುವುದು, ಕಾಲು ಜೋಮು ಹಿಡಿಯುವುದು, ನಡಿಗೆ ತೂರಾಡುವುದು ಎಲ್ಲರಿಗೂ ಕಾಣುವ ಚಿಹ್ನೆಗಳು.

ಕಾಣದ ಚಿಹ್ನೆಯೊಂದಿದೆ. ರೋಗಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿಯ ಗ್ರಹಣಶಕ್ತಿ ಕುಂದುತ್ತದೆ. ಕೇಳಿದ ಮಾತು ತಲೆಗೆ ಹತ್ತಲು ಹೊತ್ತು ಹಿಡಿಯುತ್ತದೆ. ಇಬ್ಬರು ಒಟ್ಟಿಗೆ ಮಾತನಾಡಿದರೆ ಎಳೆ ತಪ್ಪುತ್ತದೆ. ಸಂತೆಯ ಲೆಕ್ಕ ಅರ್ಧಕ್ಕೇ ನಿಲ್ಲುತ್ತದೆ. ಈ ರೋಗ ಸಾಮಾನ್ಯವಾಗಿ ಇಪ್ಪತ್ತರಿಂದ ನಲವತ್ತರ ಪ್ರಾಯದಲ್ಲಿ, ಗಂಡಸರಿಗಿಂತ ಹೆಂಗಸರಲ್ಲಿ ಹೆಚ್ಚಾಗಿ ತಲೆದೋರುವುದರಿಂದ, ಮನೆಯವರು ಇದನ್ನು ಸೋಮಾರಿತನವೆಂದೋ ಅಲಕ್ಷ್ಯವೆಂದೋ ಎಣಿಸುವುದುಂಟು. ಕುಂಟುವ ಕಾಲಿಗೆ ದೊರೆಯುವ ಕನಿಕರ ಕುಂಟುವ ನೆನಪಿಗೆ ದೊರೆಯದು.

ಕುಂದಿದ ಶಕ್ತಿಯನ್ನು ಅಭ್ಯಾಸದಿಂದ ಸ್ವಲ್ಪಮಟ್ಟಿಗೆ ಚೇತರಿಸಿಕೊಳ್ಳಬಹುದು. ಆ ಅಭ್ಯಾಸವನ್ನು ತಜ್ಞರ ಎದುರಿನಲ್ಲಿಯೇ ಮಾಡಬೇಕೆ ಎಂಬುದು ಪ್ರಶ್ನೆ. ನ್ಯೂಯಾರ್ಕಿನಲ್ಲಿ ನಡೆಸಿ 2017ರಲ್ಲಿ ಪ್ರಕಟಿಸಿದ ಪ್ರಯೋಗವೊಂದರಲ್ಲಿ 135 ರೋಗಿಗಳು ತಮ್ಮ ಮನೆಯಲ್ಲಿಯೇ ಗಣಕಯಂತ್ರದ ಮುಂದೆ ಕುಳಿತು 12 ವಾರ ಅಭ್ಯಾಸ ಮಾಡಿದರು. ದೂರದಿಂದಲೇ ಅವರ ಮೇಲ್ವಿಚಾರಣೆ ನಡೆಯಿತು. ಗ್ರಹಣಶಕ್ತಿಗಾಗಿ ರೂಪಿಸಿದ ಪಾಠಗಳನ್ನು ಮಾಡಿದವರು, ಸಾಧಾರಣ ಗಣಕದ ಆಟಗಳನ್ನು ಆಡಿದವರಿಗಿಂತ ಹೆಚ್ಚು ಮುಂದುವರಿದರು. ಮುಖಾಮುಖಿ ಶಿಕ್ಷಣವಾದರೂ ಸರ್ವರೋಗನಿವಾರಕವಲ್ಲ. ಇಂಗ್ಲೆಂಡಿನಲ್ಲಿ 449 ಮಂದಿಯ ಮೇಲೆ ನಡೆದ ಗುಂಪುಶಿಕ್ಷಣದ ಪರೀಕ್ಷೆಯಲ್ಲಿ ವರ್ಷದ ಕೊನೆಗೆ ಜೀವನದ ನೆಮ್ಮದಿ ಹೇಳಿಕೊಳ್ಳುವಷ್ಟು ಹೆಚ್ಚಿರಲಿಲ್ಲ. ಹೀಗಿರುವಾಗ ದೂರಶಿಕ್ಷಣವನ್ನು ಬಡವರ ಪಾಲಿನ ಎರಡನೆಯ ದರ್ಜೆಯ ಮದ್ದೆಂದು ತಳ್ಳಿಹಾಕುವುದು ನಮಗೆ ಸರಿಕಾಣದು.

ದಾವಣಗೆರೆ ಜಿಲ್ಲೆಯ ಜಗಳೂರು ತಾಲ್ಲೂಕಿನ ಸೊಕ್ಕೆಯನ್ನು ತೆಗೆದುಕೊಳ್ಳೋಣ. ಮಂಗಳೂರು ನಗರದಲ್ಲಿ ನಡೆದ ಗಣನೆಯೊಂದರಲ್ಲಿ ಈ ರೋಗ ಲಕ್ಷಕ್ಕೆ ಸುಮಾರು 8 ಮಂದಿಯಲ್ಲಿ ಕಂಡುಬಂದಿತು. ಆ ಪ್ರಮಾಣವನ್ನೇ ಇಲ್ಲಿಗೂ ಹಿಡಿದರೆ, ಲಕ್ಷಕ್ಕೆ ಮಿಕ್ಕ ಜನರಿರುವ ಈ ತಾಲ್ಲೂಕಿನಲ್ಲಿ ಹತ್ತರ ಆಸುಪಾಸು ರೋಗಿಗಳಿದ್ದಾರು. ಸೊಕ್ಕೆ ಹೋಬಳಿಯಲ್ಲಿ ಎರಡು ಮೂರು ಮಂದಿ. ಇಷ್ಟು ಜನಕ್ಕಾಗಿ ಮನಶ್ಶಾಸ್ತ್ರದ ತಜ್ಞರೊಬ್ಬರನ್ನು ಯಾವ ಸರ್ಕಾರವೂ ಹೋಬಳಿಗೆ ನೇಮಿಸದು. ರೋಗಿಯೇ ಹೋಗಬೇಕು: ಮೊದಲು ಜಗಳೂರಿಗೆ, ಅಲ್ಲಿಂದ ದಾವಣಗೆರೆಗೆ, ಅಲ್ಲಿಂದ ಸುಮಾರು 260 ಕಿಲೋಮೀಟರ್ ದೂರದ ಬೆಂಗಳೂರಿಗೆ. ಈ ಅಭ್ಯಾಸವಾದರೋ ಒಂದು ದಿನದ್ದಲ್ಲ, ವಾರವಾರವೂ ನಡೆಯತಕ್ಕದ್ದು.

ಮಲೆನಾಡಿಗಿಂತ ಬಯಲುಸೀಮೆಗೆ ಹೆಚ್ಚು ಸಲ್ಲುವ ಮಾತೊಂದಿದೆ. ಮೈ ಬಿಸಿಯಾದಾಗ ಈ ರೋಗದ ಲಕ್ಷಣಗಳು ತಾತ್ಕಾಲಿಕವಾಗಿ ಉಲ್ಬಣಿಸುವುದನ್ನು ಜರ್ಮನಿಯ ನೇತ್ರವೈದ್ಯ ಊಟ್‌ಹಾಫ್ 1890ರಲ್ಲಿಯೇ ಗುರುತಿಸಿದ್ದನು. ಹೊದಿಕೆ ಕಳೆದುಕೊಂಡ ನರತಂತು ಸ್ವಲ್ಪ ತಾಪ ಏರಿದರೂ ಸಂದೇಶವನ್ನು ಸಾಗಿಸಲಾರದು. ಚೈತ್ರ ವೈಶಾಖದ ಬಿಸಿಲಿನಲ್ಲಿ, ಕಿಕ್ಕಿರಿದ ಬಸ್ಸಿನಲ್ಲಿ ನಿಂತು ಬಂದ ರೋಗಿಯನ್ನು ತಜ್ಞರು ಪರೀಕ್ಷಿಸುವಾಗ, ಅವರು ಅಳೆಯುವುದು ಆಕೆಯ ಬುದ್ಧಿಯನ್ನೋ, ಪ್ರಯಾಣದ ಬಳಲಿಕೆಯನ್ನೋ? ಅದೇ ಅಭ್ಯಾಸ ಮನೆಯ ಪಡಸಾಲೆಯಲ್ಲಿ, ಬೆಳಗಿನ ತಂಪಿನಲ್ಲಿ ನಡೆದರೆ ಫಲ ಬೇರೆಯಾದೀತು.

ಆದರೆ ಮೊದಲನೆಯ ಭೇಟಿ ಮುಖಾಮುಖಿಯಾಗಿಯೇ ನಡೆಯತಕ್ಕದ್ದು. ಮರೆವಿಗೆ ಖಿನ್ನತೆ, ನಿದ್ರಾಹೀನತೆ, ಬಿ 12 ಜೀವಸತ್ತ್ವದ ಕೊರತೆ ಇವೂ ಕಾರಣವಾಗಬಹುದು. ತಂತಿಯ ತುದಿಯಿಂದ ಇವನ್ನೆಲ್ಲ ಬೇರ್ಪಡಿಸುವುದು ಕಷ್ಟ. ಕಣ್ಣು ಮಂಜಾದವರು ತಪ್ಪು ಉತ್ತರ ಕೊಟ್ಟರೆ ಅದು ಬುದ್ಧಿಯ ದೋಷವಲ್ಲವೆಂದು ತಿಳಿಯಲು ಎದುರಿಗೆ ಕುಳಿತವರು ಬೇಕು. 2022ರಲ್ಲಿ ನಿಮ್ಹಾನ್ಸ್ ಸಂಸ್ಥೆಯ ನೆರವಿನಿಂದ ಆರಂಭವಾದ ಕರ್ನಾಟಕ ಮಿದುಳು ಆರೋಗ್ಯ ಯೋಜನೆಯು ನರರೋಗಗಳ ಚಿಕಿತ್ಸೆಯನ್ನು ಬೆಂಗಳೂರಿನಿಂದಾಚೆಗೆ ಒಯ್ಯುವ ಉದ್ದೇಶದ್ದು. ಆ ಏರ್ಪಾಟಿನಲ್ಲಿ ಗ್ರಹಣಶಕ್ತಿಯ ಪರೀಕ್ಷೆಗೂ ಸ್ಥಳವಿರಲಿ. ದಾವಣಗೆರೆಯಲ್ಲಿ ವರ್ಷಕ್ಕೆರಡು ಬಾರಿ ಮುಖಾಮುಖಿ ಪರೀಕ್ಷೆ, ಉಳಿದ ದಿನ ದೂರದಿಂದ ಶಿಕ್ಷಣ ಎಂಬುದು ನಮ್ಮ ಸಲಹೆ.

ಭಾಷೆಯ ತೊಡಕೂ ಉಂಟು. ಪರದೇಶದ ಅಭ್ಯಾಸಪಾಠಗಳು ಬಹುಮಟ್ಟಿಗೆ ಇಂಗ್ಲಿಷಿನವು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸಿಗೆ ಅಕ್ಷರ ಜೋಡಿಸುವ ಆಟ ಕೊಟ್ಟು ಬುದ್ಧಿ ಮಂದವೆನ್ನುವುದು ಅನ್ಯಾಯ. ನಿಮ್ಹಾನ್ಸ್ 2004ರಲ್ಲಿ ಹೊರತಂದ ಪರೀಕ್ಷಾಮಾಲೆ ನಮ್ಮ ಜನರ ಮೇಲೆಯೇ ಅಳೆದು ರೂಪಿಸಿದ್ದು. ಅಭ್ಯಾಸಪಾಠಗಳೂ ಹಾಗೆಯೇ ನಮ್ಮವಾಗಬೇಕು: ಬಿತ್ತನೆ ಬೀಜದ ಲೆಕ್ಕ, ಸಂತೆಯ ಸಾಮಾನಿನ ಪಟ್ಟಿ, ಕೇಳಿದ ಕತೆಯನ್ನು ಮರಳಿ ಹೇಳುವುದು. ಇದಕ್ಕೆ ಗಣಕಯಂತ್ರವೂ ಬೇಡ. ಕನ್ನಡ ಬಲ್ಲ ಶಿಕ್ಷಕಿಯೊಬ್ಬಳು ವಾರಕ್ಕೆ ಎರಡು ಬಾರಿ ದೂರವಾಣಿಯಲ್ಲಿ ಮಾತನಾಡಿದರೆ ಆರಂಭಕ್ಕೆ ಸಾಕು.

ಇನ್ನು ದೂರವಾಣಿಯ ವಿಚಾರ. ಅನೇಕ ಮನೆಗಳಲ್ಲಿ ಅದು ಗಂಡನ ಅಥವಾ ಮಗನ ಜೇಬಿನಲ್ಲಿರುತ್ತದೆ. ಬೆಳಗಿನ ತಂಪಿನಲ್ಲಿ ಅವನು ಅದರೊಡನೆ ಹೊಲಕ್ಕೆ ಹೋಗಿರುತ್ತಾನೆ. ಯೋಜನೆ ಬರೆಯುವವರು ಶಿಕ್ಷಕಿಯ ಸಂಬಳದ ಜೊತೆಗೆ ರೋಗಿಯ ಕೈಗೊಂದು ದೂರವಾಣಿಯ ಖರ್ಚನ್ನೂ ಸೇರಿಸಿ ಬರೆಯತಕ್ಕದ್ದು.